ಹಲ್ಲಿನಲ್ಲಿ ಕೀವಾದಾಗ: ದಂತವೈದ್ಯರನ್ನು ಕಾಣುವವರೆಗೆ ಏನು ಮಾಡಬೇಕು, ಏನು ಮಾಡಬಾರದು

ಹುಳುಕು ಹಲ್ಲಿನಲ್ಲಿ ಮೂರ್ನಾಲ್ಕು ದಿನ ಸಿಡಿದ ನೋವು ತಾನಾಗಿಯೇ ನಿಂತುಹೋದರೆ ಹೆಚ್ಚಿನವರು ನೆಮ್ಮದಿಯ ಉಸಿರು ಬಿಡುತ್ತಾರೆ. ದಂತವೈದ್ಯರ ಬಳಿ ಹೋಗಬೇಕೆಂದಿದ್ದ ಯೋಚನೆಯೂ ಅಲ್ಲಿಗೇ ಮುಗಿಯುತ್ತದೆ. ಆದರೆ ಹಾಗೆ ನೋವು ನಿಲ್ಲುವುದು ಬಹಳ ಸಲ ಹಲ್ಲು ವಾಸಿಯಾಗಿ ಅಲ್ಲ, ಅದರೊಳಗಿನ ನರ ಸತ್ತು. ಸತ್ತ ತಿರುಳಿನಲ್ಲಿ ಬ್ಯಾಕ್ಟೀರಿಯಾಗಳು ನೆಲೆಯೂರಿ, ಬೇರಿನ ತುದಿಯಿಂದ ದವಡೆಯ ಮೂಳೆಗೆ ಇಳಿಯುತ್ತವೆ. ಕೆಲವು ದಿನಗಳ ನಂತರವೋ ಕೆಲವು ತಿಂಗಳ ನಂತರವೋ ಅದೇ ಜಾಗದಲ್ಲಿ ಕೀವು ಕಟ್ಟುತ್ತದೆ, ಮುಖ ಊದುತ್ತದೆ.

ಅದು ಶನಿವಾರ ರಾತ್ರಿ ಶುರುವಾಯಿತು, ಊರಿನ ದಂತ ಚಿಕಿತ್ಸಾಲಯ ತೆರೆಯುವುದು ಸೋಮವಾರ ಎಂದುಕೊಳ್ಳಿ. ನಡುವಿನ ಒಂದೂವರೆ ದಿನವನ್ನು ಹೇಗೆ ಕಳೆಯಬೇಕು ಎಂಬುದಕ್ಕೆ ಈ ಲೇಖನ. ಮನೆಯಲ್ಲಿ ಮಾಡುವ ಯಾವ ಉಪಚಾರವೂ ಹಲ್ಲಿನೊಳಗಿನ ಸೋಂಕನ್ನು ತೆಗೆಯುವುದಿಲ್ಲ. ಅದು ನೋವನ್ನು ತಡೆದುಕೊಳ್ಳಲು ನೆರವಾಗುತ್ತದೆ, ಕೆಲವು ಗಂಟೆಗಳ ಕಾಲಾವಕಾಶ ಕೊಡುತ್ತದೆ, ಅಷ್ಟೇ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದೆ ಓದಿ.

ಮೊದಲ ಹೆಜ್ಜೆ: ಕಾಯಬಹುದೇ, ಈಗಲೇ ಹೊರಡಬೇಕೇ?

ಮಾತ್ರೆ ಹುಡುಕುವ ಮೊದಲು ಕನ್ನಡಿಯ ಮುಂದೆ ನಿಲ್ಲಿ. ಒಳ್ಳೆಯ ಬೆಳಕಿರಲಿ, ಮನೆಯವರೊಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು.

ಬಾಯಿ ಎಷ್ಟು ತೆರೆಯುತ್ತದೆ ನೋಡಿ. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಂದರ ಮೇಲೊಂದಾಗಿ ಸೇರಿಸಿ ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ ಇಟ್ಟು ನೋಡಿ. ಆರೋಗ್ಯವಂತ ವಯಸ್ಕರಲ್ಲಿ ಸಾಮಾನ್ಯವಾಗಿ ಮೂರು ಬೆರಳು ಹಿಡಿಸುತ್ತವೆ. ನಿನ್ನೆಯವರೆಗೂ ಮೂರು ಹಿಡಿಸುತ್ತಿದ್ದ ಬಾಯಿಗೆ ಇಂದು ಒಂದೂವರೆ ಬೆರಳೂ ಹೋಗದಿದ್ದರೆ ಸೋಂಕು ದವಡೆಯ ಸ್ನಾಯುಗಳ ಸಂದಿಗೆ ಹೋಗಿರಬಹುದು. ನಂತರ ಒಂದು ಗುಟುಕು ನೀರು ಕುಡಿಯಿರಿ. ನುಂಗಲು ಕಷ್ಟವೇ, ಜೊಲ್ಲು ಸುರಿಯುತ್ತಿದೆಯೇ, ಧ್ವನಿ ಬದಲಾಗಿ ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡವರಂತೆ ಮಾತು ಕೇಳಿಸುತ್ತಿದೆಯೇ ಎಂದು ಗಮನಿಸಿ. ಗದ್ದದ ಅಡಿಯನ್ನು ಮುಟ್ಟಿ ನೋಡಿ. ಅಲ್ಲಿ ಎರಡೂ ಬದಿ ಗಟ್ಟಿಯಾಗಿ ಊದಿದ್ದರೆ, ನಾಲಿಗೆ ಮೇಲಕ್ಕೆ ಎತ್ತಿಕೊಂಡಂತೆ ಅನ್ನಿಸಿದರೆ, ಮಲಗಿದಾಗ ಉಸಿರು ಕಟ್ಟಿದಂತಾದರೆ, ಆ ಕ್ಷಣವೇ 108ಕ್ಕೆ ಕರೆ ಮಾಡಿ. ಹೋಗಬೇಕಾದದ್ದು ತುರ್ತು ಚಿಕಿತ್ಸಾ ವಿಭಾಗವಿರುವ ದೊಡ್ಡ ಆಸ್ಪತ್ರೆಗೆ, ಪಕ್ಕದ ಬೀದಿಯ ಚಿಕಿತ್ಸಾಲಯಕ್ಕಲ್ಲ. ಚಳಿ ನಡುಕದೊಂದಿಗೆ ಜ್ವರ ಏರುತ್ತಿದ್ದರೆ, ರೋಗಿ ಮಂಕಾಗಿ ಏನೇನೋ ಮಾತನಾಡತೊಡಗಿದರೆ, ಕಣ್ಣಿನ ಸುತ್ತ ಊದಿ ರೆಪ್ಪೆ ಮುಚ್ಚಿಕೊಂಡರೆ ಅಥವಾ ಎದುರಿನದು ಎರಡೆರಡಾಗಿ ಕಂಡರೂ ಇದೇ ಮಾತು.

ಇಷ್ಟು ಗಾಬರಿ ಏಕೆ ಎಂದು ಕೇಳಬಹುದು. ಕೆಳದವಡೆಯ ಹಿಂಬದಿಯ ಎರಡು ದವಡೆಹಲ್ಲುಗಳ ಬೇರಿನ ತುದಿ ಸಾಮಾನ್ಯವಾಗಿ ನಾಲಿಗೆಯ ಅಡಿಯಲ್ಲಿ ಹರಡಿರುವ ಸ್ನಾಯುವಿಗಿಂತ ಕೆಳಗಿರುತ್ತದೆ. ಅಲ್ಲಿನ ಕೀವು ದವಡೆಯ ಒಳಬದಿಗೆ ಒಡೆದರೆ ಗದ್ದದಡಿಗೆ ಹರಡಿ, ನಾಲಿಗೆಯನ್ನು ಮೇಲಕ್ಕೂ ಹಿಂದಕ್ಕೂ ತಳ್ಳಿ ಉಸಿರಿನ ದಾರಿಯನ್ನು ಮುಚ್ಚಬಲ್ಲದು. 1836ರಲ್ಲಿ ಜರ್ಮನಿಯ ವೈದ್ಯ ಲುಡ್ವಿಗ್ ಇದನ್ನು ವಿವರಿಸಿದ್ದರಿಂದ ವೈದ್ಯರು ಇಂದಿಗೂ ಇದನ್ನು ಲುಡ್ವಿಗ್ಸ್ ಆಂಜೈನಾ ಎನ್ನುತ್ತಾರೆ. ಆಂಟಿಬಯಾಟಿಕ್ ಇಲ್ಲದ ಕಾಲದಲ್ಲಿ ಇದು ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು. ಇಂದು ಸಕಾಲಕ್ಕೆ ಆಸ್ಪತ್ರೆ ತಲುಪಿದವರಲ್ಲಿ ಹೆಚ್ಚಿನವರು ಬದುಕುತ್ತಾರೆ, ಆದರೆ ಇಲ್ಲಿ ಸಕಾಲ ಎಂಬುದನ್ನು ಗಂಟೆಗಳಲ್ಲಿ ಎಣಿಸಬೇಕು.

ಇನ್ನೊಂದು ಮಾತು. ಎಡ ಕೆಳದವಡೆಯಲ್ಲಿ ನೋವಿದ್ದು, ಯಾವ ಹಲ್ಲು ಎಂದು ತೋರಿಸಲಾಗದೆ, ನಡೆದಾಗ ಹೆಚ್ಚಾಗಿ, ಜೊತೆಗೆ ಬೆವರು, ಎದೆ ಹಿಡಿತ, ತೋಳಿನ ಸೆಳೆತ ಇದ್ದರೆ ಅದು ಹೃದಯದ ನೋವಾಗಿರಬಹುದು. ಆಗಲೂ 108ಕ್ಕೇ ಕರೆ ಮಾಡಬೇಕು.

ಮೇಲೆ ಹೇಳಿದ ಯಾವುದೂ ಇಲ್ಲದೆ, ವಸಡು ಊದಿ ಕೆನ್ನೆ ಸ್ವಲ್ಪ ದಪ್ಪಗಾಗಿದ್ದರೆ ಮನೆಯಲ್ಲಿದ್ದು ದಂತವೈದ್ಯರಿಗಾಗಿ ಕಾಯಬಹುದು. ಕೆನ್ನೆಯ ಊತದ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ನಾಲ್ಕಾರು ಗಂಟೆಗೊಮ್ಮೆ ನೋಡಿ. ಊತ ಗೆರೆಯನ್ನು ದಾಟಿ ಕಣ್ಣಿನ ಕಡೆಗೋ ಕುತ್ತಿಗೆಯ ಕಡೆಗೋ ಸಾಗಿದರೆ ಸೋಮವಾರದವರೆಗೆ ಕಾಯಬೇಡಿ.

ಹಲ್ಲು ಯಾವ ಹಂತದಲ್ಲಿದೆ?

ತಣ್ಣೀರು ತಾಗಿದಾಗ ಜುಮ್ಮೆಂದು ಕೆಲವೇ ಕ್ಷಣಗಳಲ್ಲಿ ಹೋಗಿಬಿಡುವ ನೋವಿದ್ದರೆ ನರ ಇನ್ನೂ ಉಳಿಯುವ ಸ್ಥಿತಿಯಲ್ಲಿರಬಹುದು. ನೀರು ನುಂಗಿದ ನಂತರವೂ ನೋವು ಅರ್ಧ ನಿಮಿಷ ಮೀರಿ ಉಳಿದರೆ, ಮಲಗಿದೊಡನೆ ತಾನಾಗಿಯೇ ಸಿಡಿಯತೊಡಗಿದರೆ, ನರ ಚೇತರಿಸಿಕೊಳ್ಳುವ ಹಂತ ದಾಟಿರುವ ಸಂಭವ ಹೆಚ್ಚು. ಕೆಲವರಿಗೆ ಬಿಸಿ ಕಾಫಿ ಸೋಕಿದರೆ ಪ್ರಾಣ ಹೋದಂತಾಗುತ್ತದೆ, ತಣ್ಣೀರು ಬಾಯಲ್ಲಿಟ್ಟುಕೊಂಡಷ್ಟು ಹೊತ್ತು ಮಾತ್ರ ನೆಮ್ಮದಿ. ಅಂಥವರು ನೀರಿನ ಬಾಟಲಿಯನ್ನು ಕೈಯಲ್ಲೇ ಹಿಡಿದುಕೊಂಡು ದಂತವೈದ್ಯರ ಬಳಿ ಬರುತ್ತಾರೆ. ಅದು ನರ ಸಾಯುತ್ತಿರುವುದರ ಗುರುತು.

ಬಿಸಿ, ತಂಪು ಎರಡೂ ತಿಳಿಯದೆ, ಕಚ್ಚಿದರೆ ಮಾತ್ರ ನೋವಾಗಿ, ಹಲ್ಲು ಉಳಿದವುಗಳಿಗಿಂತ ಎತ್ತರಕ್ಕೆ ಬಂದಂತೆ ಅನ್ನಿಸಿದರೆ ಬೇರಿನ ತುದಿಯಲ್ಲಿ ಕೀವು ಸೇರಿರುವ ಲಕ್ಷಣ. ವಸಡಿನ ಮೇಲೆ ಸಣ್ಣ ಗುಳ್ಳೆ ಎದ್ದು, ಒಡೆದು, ಬಾಯಿಗೆ ಉಪ್ಪುಪ್ಪಾದ ಕೆಟ್ಟ ರುಚಿ ಬಂದ ಕೂಡಲೇ ನೋವು ಇಳಿಯುವುದುಂಟು. ಒಳಗಿನ ಒತ್ತಡ ಇಳಿದದ್ದರಿಂದ ನೋವು ಇಳಿದಿದೆ. ಕೀವಿನ ಮೂಲ ಹಾಗೆಯೇ ಇದೆ, ಆ ಗುಳ್ಳೆ ಮತ್ತೆ ಮತ್ತೆ ತುಂಬುತ್ತದೆ.

ಎರಡನೆಯ ಹೆಜ್ಜೆ: ಬಾಯಿ ಸ್ವಚ್ಛ ಮಾಡಿಕೊಳ್ಳಿ

ನೋಯುತ್ತದೆ ಎಂದು ಹಲ್ಲುಜ್ಜುವುದನ್ನು ಬಿಡಬೇಡಿ. ಮೆತ್ತನೆಯ ಬ್ರಷ್ಷಿನಿಂದ ಹಗುರವಾಗಿ ಉಜ್ಜಿ. ಹಲ್ಲಿನ ಸಂದಿಯಲ್ಲಿ ಮಾಂಸದ ನಾರೋ ಸೊಪ್ಪಿನ ಎಳೆಯೋ ಸಿಕ್ಕಿಕೊಂಡಿದ್ದರೆ ಹಲ್ಲು ಸ್ವಚ್ಛಗೊಳಿಸುವ ದಾರದಿಂದ ಬಿಡಿಸಿ, ಅದನ್ನು ಫ್ಲಾಸ್ ಎಂದು ಕೇಳಿದರೆ ಔಷಧ ಅಂಗಡಿಯಲ್ಲಿ ಕೊಡುತ್ತಾರೆ. ಸೇಫ್ಟಿ ಪಿನ್ನು, ಬೆಂಕಿಕಡ್ಡಿ, ಸೂಜಿ ಇವುಗಳನ್ನು ಬಾಯಿಯ ಹತ್ತಿರ ತರಬೇಡಿ.

ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಕರಗಿಸಿ. ಒಂದು ಬಾಯಿ ನೀರನ್ನು ನೋವಿರುವ ಬದಿಯಲ್ಲಿ ಅರ್ಧ ನಿಮಿಷ ಹಿಡಿದು, ಮೆಲ್ಲನೆ ಆಡಿಸಿ ಉಗುಳಿ. ಎರಡು ಮೂರು ಗಂಟೆಗೊಮ್ಮೆ, ಊಟವಾದ ಮೇಲೆ ತಪ್ಪದೆ ಮಾಡಿ. ನೀರು ಸುಡುವಷ್ಟು ಬಿಸಿ ಬೇಡ. ವಸಡಿನ ಗುಳ್ಳೆ ತಾನಾಗಿ ಒಡೆದರೆ ಹೀಗೆಯೇ ಮುಕ್ಕಳಿಸಿ ಉಗುಳುತ್ತಿರಿ. ನೀವಾಗಿ ಚುಚ್ಚಿ ಒಡೆಯಬೇಡಿ, ಬೆರಳಿನಿಂದ ಹಿಸುಕಬೇಡಿ. ಹಿಸುಕಿದರೆ ಕೀವು ಹೊರಗೇ ಬರುತ್ತದೆ ಎಂಬ ಭರವಸೆಯಿಲ್ಲ, ಆಳಕ್ಕೂ ಹೋಗಬಹುದು.

ಹೊರಗಡೆ ಕೆನ್ನೆಗೆ ತಂಪು ಇಡಿ. ಮಂಜುಗಡ್ಡೆಯನ್ನು ತೆಳು ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಟ್ಟು, ಅಷ್ಟೇ ಹೊತ್ತು ಬಿಡುವು ಕೊಟ್ಟು ಮತ್ತೆ ಇಡಬಹುದು. ನಮ್ಮ ಮನೆಗಳಲ್ಲಿ ಊತ ಎಂದ ಕೂಡಲೇ ಶಾಖ ಕೊಡುವ ರೂಢಿ ಇದೆ. ಬಿಸಿನೀರಿನ ಚೀಲ, ಬಾಣಲೆಯಲ್ಲಿ ಕಾಯಿಸಿದ ಉಪ್ಪಿನ ಗಂಟು, ಇವು ಸೊಂಟಕ್ಕೆ, ಮಂಡಿಗೆ ಇರಲಿ. ಕೀವು ತುಂಬಿದ ಮುಖಕ್ಕೆ ಹೊರಗಿನಿಂದ ಶಾಖ ಕೊಡಬೇಡಿ. ಆ ಜಾಗಕ್ಕೆ ರಕ್ತದ ಹರಿವು ಹೆಚ್ಚಿ ಊತವೂ ಏರಬಹುದು.

ಮೂರನೆಯ ಹೆಜ್ಜೆ: ನೋವಿನ ಮಾತ್ರೆಯನ್ನು ತಿಳಿದು ತೆಗೆದುಕೊಳ್ಳಿ

ಹಲ್ಲು ನೋವಿಗೆ ಚೆನ್ನಾಗಿ ಕೆಲಸ ಮಾಡುವುದು ಎರಡು ಸಾಮಾನ್ಯ ಔಷಧಗಳು, ಐಬುಪ್ರೊಫೇನ್ ಮತ್ತು ಪ್ಯಾರಾಸಿಟಮಾಲ್. ಐಬುಪ್ರೊಫೇನ್ ನೋವಿನ ಜೊತೆ ಉರಿಯೂತವನ್ನೂ ತಗ್ಗಿಸುತ್ತದೆ. ಎರಡೂ ಬೇರೆ ಬೇರೆ ರೀತಿಯಲ್ಲಿ ಕೆಲಸ ಮಾಡುವುದರಿಂದ, ಒಂದನ್ನೇ ಹೆಚ್ಚು ನುಂಗುವುದಕ್ಕಿಂತ ಎರಡನ್ನೂ ಮಿತಿಯಲ್ಲಿ ಜೊತೆಯಾಗಿ ತೆಗೆದುಕೊಂಡರೆ ಹೆಚ್ಚು ನೆಮ್ಮದಿ ಸಿಗುತ್ತದೆ.

ಬೇರೆ ಕಾಯಿಲೆಯಿಲ್ಲದ, 50 ಕಿಲೋಗ್ರಾಂಗಿಂತ ಹೆಚ್ಚು ತೂಕದ ವಯಸ್ಕರು ಐಬುಪ್ರೊಫೇನ್ 400 ಮಿಲಿಗ್ರಾಂ ಮಾತ್ರೆಯನ್ನು ಊಟದ ನಂತರ ಎಂಟು ಗಂಟೆಗೊಂದರಂತೆ ತೆಗೆದುಕೊಳ್ಳಬಹುದು. ದಿನಕ್ಕೆ ಮೂರು ಮಾತ್ರೆ, ಅಂದರೆ 1200 ಮಿಲಿಗ್ರಾಂ ದಾಟಬೇಡಿ. ಪ್ಯಾರಾಸಿಟಮಾಲ್ 500 ಅಥವಾ 650 ಮಿಲಿಗ್ರಾಂ ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಮಾತ್ರೆಗಳವರೆಗೆ. ವೈದ್ಯರನ್ನು ಕಾಣುವವರೆಗಿನ ಒಂದೆರಡು ದಿನಕ್ಕೆ ಮಾತ್ರ ಇದು.

ಬಹಳ ಜನ ಎಡವುವುದು ಹೆಸರುಗಳಲ್ಲಿ. ಡೋಲೊ, ಕ್ರೋಸಿನ್, ಕಾಲ್ಪಾಲ್ ಎಲ್ಲವೂ ಪ್ಯಾರಾಸಿಟಮಾಲ್. ಕಾಂಬಿಫ್ಲಾಮ್ ಮಾತ್ರೆಯಲ್ಲಿ ಐಬುಪ್ರೊಫೇನ್ 400 ಮಿಲಿಗ್ರಾಂ ಜೊತೆಗೆ ಪ್ಯಾರಾಸಿಟಮಾಲ್ 325 ಮಿಲಿಗ್ರಾಂ ಇರುತ್ತದೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು, ಸಂಜೆ ಪಕ್ಕದ ಮನೆಯವರು ಕೊಟ್ಟ ಮೂರನೆಯದು ಎಂದು ನುಂಗುತ್ತ ಹೋದರೆ ಒಂದೇ ಔಷಧ ಮೂರು ಹೆಸರಿನಲ್ಲಿ ಹೊಟ್ಟೆ ಸೇರುತ್ತದೆ. ಪ್ಯಾರಾಸಿಟಮಾಲ್ ಮಿತಿ ಮೀರಿದರೆ ಯಕೃತ್ತಿಗೆ ಹಾನಿ, ಅದೂ ಮೊದಲ ದಿನ ಏನೂ ಗೊತ್ತಾಗದಂತೆ. ಮಾತ್ರೆಯ ಪಟ್ಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನು ಓದಿ, ಯಾವುದನ್ನು ಎಷ್ಟು ಗಂಟೆಗೆ ತೆಗೆದುಕೊಂಡಿರೆಂದು ಕಾಗದದ ಮೇಲೆ ಬರೆದಿಡಿ. ಅಸೆಕ್ಲೊಫೆನಾಕ್, ಡೈಕ್ಲೊಫೆನಾಕ್ ಇರುವ ಮಾತ್ರೆಗಳು ಐಬುಪ್ರೊಫೇನ್‌ನ ಜಾತಿಯವೇ ಆದ್ದರಿಂದ ಅವುಗಳನ್ನು ಒಟ್ಟಿಗೆ ತೆಗೆದುಕೊಳ್ಳಬಾರದು.

ಐಬುಪ್ರೊಫೇನ್ ಎಲ್ಲರಿಗೂ ಹೊಂದುವುದಿಲ್ಲ. ಜಠರದ ಹುಣ್ಣು, ಮೂತ್ರಪಿಂಡದ ತೊಂದರೆ, ಹೃದಯ ವೈಫಲ್ಯ ಇರುವವರು, ನೋವಿನ ಮಾತ್ರೆಯಿಂದ ಉಬ್ಬಸ ಬಂದ ಅನುಭವವಿರುವವರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುತ್ತಿರುವವರು, ಗರ್ಭಿಣಿಯರು ಅದರಿಂದ ದೂರವಿರಬೇಕು. ಅವರಿಗೆ ಪ್ಯಾರಾಸಿಟಮಾಲ್ ಸಾಕು. ಯಕೃತ್ತಿನ ಕಾಯಿಲೆ ಇರುವವರು, ದಿನವೂ ಮದ್ಯ ಕುಡಿಯುವವರು ಪ್ಯಾರಾಸಿಟಮಾಲ್ ಪ್ರಮಾಣವನ್ನೂ ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು. ನಮ್ಮ ಮಳೆಗಾಲಕ್ಕೆ ಸೇರಿದ ಎಚ್ಚರಿಕೆಯೂ ಒಂದಿದೆ. ಜ್ವರವಿದ್ದು, ಊರಿನಲ್ಲಿ ಡೆಂಗಿ ಹರಡಿರುವ ದಿನಗಳಾಗಿದ್ದರೆ ಐಬುಪ್ರೊಫೇನ್, ಆಸ್ಪಿರಿನ್, ಡೈಕ್ಲೊಫೆನಾಕ್ ಯಾವುದೂ ಬೇಡ. ಡೆಂಗಿಯಲ್ಲಿ ಅವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಜ್ವರಕ್ಕೆ ಕಾರಣ ಹಲ್ಲೇ ಎಂದು ನಾವೇ ತೀರ್ಮಾನಿಸಿಕೊಳ್ಳುವಂತಿಲ್ಲ.

ಆಂಟಿಬಯಾಟಿಕ್ ವಿಷಯ

ಅಂಗಡಿಗೆ ಹೋಗಿ ‘ಹಲ್ಲು ಊದಿದೆ, ಏನಾದರೂ ಕೊಡಿ’ ಎಂದರೆ ಎರಡು ದಿನದ ಅಮಾಕ್ಸಿಸಿಲಿನ್ ಕತ್ತರಿಸಿ ಕೊಡುವುದು ಇಂದಿಗೂ ನಡೆಯುತ್ತಿದೆ. ವೈದ್ಯರ ಚೀಟಿ ಇಲ್ಲದೆ ಅದನ್ನು ಮಾರಲು ಕಾನೂನು ಒಪ್ಪುವುದಿಲ್ಲ. ಕಾನೂನಿನ ಮಾತು ಹಾಗಿರಲಿ, ಅದರಿಂದ ಹಲ್ಲು ಗುಣವಾಗುವುದೂ ಇಲ್ಲ. ಔಷಧ ದೇಹದೊಳಗೆ ಸಂಚರಿಸುವುದು ರಕ್ತದ ಮೂಲಕ. ಸತ್ತ ಹಲ್ಲಿನ ಒಳಗೆ ರಕ್ತದ ಹರಿವೇ ಇರುವುದಿಲ್ಲ, ಆದ್ದರಿಂದ ಔಷಧ ಸೋಂಕಿನ ಬುಡವನ್ನು ಮುಟ್ಟುವುದೇ ಇಲ್ಲ. ಸುತ್ತಲಿನ ಊತ ಒಂದಿಷ್ಟು ಇಳಿದು, ಮಾತ್ರೆ ಮುಗಿದ ಮೇಲೆ ಮತ್ತೆ ಏರುತ್ತದೆ. ದಂತವೈದ್ಯರ ಚಿಕಿತ್ಸೆ ಕೂಡಲೇ ಸಿಗುವಂತಿದ್ದರೆ, ಆರೋಗ್ಯವಂತ ವಯಸ್ಕರ ಹೆಚ್ಚಿನ ಹಲ್ಲು ನೋವುಗಳಿಗೆ ಆಂಟಿಬಯಾಟಿಕ್ ಬೇಡವೆಂದು ಅಮೆರಿಕದ ದಂತವೈದ್ಯರ ಸಂಘವು 2019ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಸೋಂಕು ಹರಡಿ ಜ್ವರ ಬಂದಿದ್ದರೆ, ರೋಗನಿರೋಧಕ ಶಕ್ತಿ ಕುಗ್ಗಿದ್ದರೆ ವೈದ್ಯರೇ ಬರೆದುಕೊಡುತ್ತಾರೆ. ಆಗ ಹೇಳಿದಷ್ಟು ದಿನ ತೆಗೆದುಕೊಳ್ಳಿ. ಪೆನಿಸಿಲಿನ್ ಒಗ್ಗದಿದ್ದರೆ ಮೊದಲೇ ತಿಳಿಸಿ. ಕಳೆದ ವರ್ಷ ಉಳಿದಿದ್ದ ನಾಲ್ಕು ಮಾತ್ರೆ, ಅತ್ತೆಯವರಿಗೆ ಬರೆದುಕೊಟ್ಟಿದ್ದು, ಇವು ಯಾವುವೂ ನಿಮ್ಮ ಚಿಕಿತ್ಸೆಯಲ್ಲ.

ಲವಂಗ ಸರಿ, ಸುಣ್ಣ ಬೇಡ

ಲವಂಗದಲ್ಲಿರುವ ಯೂಜಿನಾಲ್ ಎಂಬ ಅಂಶ ನಿಜವಾಗಿಯೂ ಮರಗಟ್ಟಿಸುತ್ತದೆ, ದಂತವೈದ್ಯರೂ ಅದನ್ನು ತಾತ್ಕಾಲಿಕ ತುಂಬುವಿಕೆಯಲ್ಲಿ ಬಳಸುತ್ತಾರೆ. ಹಲ್ಲಿನಲ್ಲಿ ಕುಳಿಯಿದ್ದು ನರ ಇನ್ನೂ ಜೀವಂತವಾಗಿದ್ದರೆ ಇದು ಒಳ್ಳೆಯ ಉಪಾಯ. ಲವಂಗದ ಎಣ್ಣೆಯ ಒಂದು ಹನಿಯನ್ನು ಸಣ್ಣ ಹತ್ತಿಯುಂಡೆಗೆ ಹಾಕಿ, ಹೆಚ್ಚಿನದನ್ನು ಹಿಂಡಿ ತೆಗೆದು, ಕುಳಿಯೊಳಗೆ ಕೆಲವು ನಿಮಿಷ ಇಟ್ಟು ತೆಗೆಯಿರಿ. ವಸಡಿಗೆ, ನಾಲಿಗೆಗೆ ತಾಗಿದರೆ ಸುಡುತ್ತದೆ. ಎಣ್ಣೆ ಇಲ್ಲದಿದ್ದರೆ ಒಂದು ಲವಂಗವನ್ನು ಹಲ್ಲಿನ ಮೇಲಿಟ್ಟು ಮೆಲ್ಲನೆ ಒತ್ತಿ ಹಿಡಿಯಬಹುದು. ಸಣ್ಣ ಮಕ್ಕಳಿಗೆ ಲವಂಗದ ಎಣ್ಣೆ ಬೇಡ. ಬೇರಿನ ತುದಿಯಲ್ಲಿ ಕೀವು ಕಟ್ಟಿದ ಮೇಲೆ ಲವಂಗದಿಂದ ಹೆಚ್ಚೇನೂ ಆಗದು.

ಉಳಿದವುಗಳ ಬಗ್ಗೆ ನಾನು ಕಟ್ಟುನಿಟ್ಟಾಗಿಯೇ ಹೇಳುತ್ತೇನೆ. ಸುಣ್ಣ ವಸಡನ್ನು ಬೇಯಿಸಿಬಿಡುತ್ತದೆ. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕ ಒತ್ತಿಟ್ಟುಕೊಂಡರೆ ಅಲ್ಲಿನ ಚರ್ಮ ಬೆಳ್ಳಗೆ ಸುಟ್ಟು ಹುಣ್ಣಾಗುತ್ತದೆ. ಜಜ್ಜಿದ ಹಸಿ ಬೆಳ್ಳುಳ್ಳಿಯೂ ಹೊತ್ತು ಮೀರಿದರೆ ಸುಡುತ್ತದೆ. ಕರ್ಪೂರ ಮಕ್ಕಳ ಹೊಟ್ಟೆಗೆ ಹೋದರೆ ಅಪಸ್ಮಾರದಂಥ ಸೆಳವು ಬರಬಹುದು. ಕಡ್ಡಿಪುಡಿ, ನಶ್ಯ ಇಟ್ಟುಕೊಳ್ಳುವವರಿಗೆ ನೋವು ಮರೆತಂತಾದರೂ ಅದು ತಂಬಾಕು, ಬಾಯಿಯ ಕ್ಯಾನ್ಸರಿಗೆ ದಾರಿ. ಬ್ರಾಂಡಿ ಬಾಯಲ್ಲಿ ಹಿಡಿದುಕೊಳ್ಳುವುದೂ ಬೇಡ. ಬೀಜ ಸುಟ್ಟ ಹೊಗೆಯನ್ನು ಬಾಯಿಗೆ ಹಿಡಿಸಿ ಹಲ್ಲಿನಿಂದ ಹುಳು ಬೀಳಿಸಿದೆವೆಂದು ತೋರಿಸುವವರನ್ನು ನಂಬಬೇಡಿ. ಹಲ್ಲನ್ನು ಹಾಳು ಮಾಡುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ, ಅಲ್ಲಿ ಹುಳುವಿಲ್ಲ.

ಊಟ ಮತ್ತು ರಾತ್ರಿ

ಗಂಜಿ, ಮೆತ್ತಗೆ ಕಲಸಿದ ಮೊಸರನ್ನ, ರಾಗಿ ಅಂಬಲಿ, ಬೇಳೆಯ ತಿಳಿ, ಬಾಳೆಹಣ್ಣು. ಎಲ್ಲವೂ ಬಿಸಿ ಆರಿರಲಿ, ಇನ್ನೊಂದು ಬದಿಯಲ್ಲಿ ಅಗಿಯಿರಿ. ಸಿಹಿ, ಚಕ್ಕುಲಿ, ನಿಪ್ಪಟ್ಟು ದೂರವಿಡಿ. ನೀರು ಚೆನ್ನಾಗಿ ಕುಡಿಯಿರಿ. ರಾತ್ರಿ ನೋವು ಏರುವುದಕ್ಕೆ ಒಂದು ಕಾರಣ, ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುವುದು. ಎರಡು ಮೂರು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಿ. ಮಾತ್ರೆಯ ಹೊತ್ತನ್ನು ಮಲಗುವ ಸಮಯಕ್ಕೆ ಹೊಂದಿಸಿಕೊಂಡರೆ ಒಂದಿಷ್ಟು ನಿದ್ದೆ ಸಿಗುತ್ತದೆ.

ಮಕ್ಕಳು, ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು

‘ಹೇಗೂ ಬಿದ್ದುಹೋಗುವ ಹಾಲು ಹಲ್ಲು’ ಎಂದು ಮಗುವಿನ ಕೀವನ್ನು ಬಿಟ್ಟುಬಿಡಬೇಡಿ. ಅದರ ಬೇರಿನ ಕೆಳಗೇ ಶಾಶ್ವತ ಹಲ್ಲಿನ ಮೊಳಕೆ ಇರುತ್ತದೆ, ಸೋಂಕು ಅದನ್ನೂ ಕೆಡಿಸಬಲ್ಲದು. ಮಕ್ಕಳಲ್ಲಿ ಊತ ಬೇಗ ಹರಡುವುದರಿಂದ ಮುಖ ಊದಿ ಜ್ವರ ಬಂದ ಮಗುವನ್ನು ಅಂದೇ ತೋರಿಸಿ. ನೋವಿಗೆ ಪ್ಯಾರಾಸಿಟಮಾಲ್ ಸಿರಪ್ ಕೊಡಬಹುದು, ತೂಕದ ಪ್ರತಿ ಕಿಲೋಗ್ರಾಂಗೆ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರದಂತೆ. ಅಂದರೆ 12 ಕಿಲೋ ತೂಗುವ ಮಗುವಿಗೆ ಒಂದು ಸಲಕ್ಕೆ 180 ಮಿಲಿಗ್ರಾಂ. ಆದರೆ ನಮ್ಮ ಅಂಗಡಿಗಳಲ್ಲಿ 5 ಮಿಲಿಲೀಟರಿಗೆ 120, 125 ಮಿಲಿಗ್ರಾಂ ಇರುವ ಸಿರಪ್ಪೂ ಇದೆ, 250 ಇರುವುದೂ ಇದೆ, ಕೂಸುಗಳಿಗೆ ಕೊಡುವ ಹನಿಗಳು ಇನ್ನೂ ಗಾಢ. ಬಾಟಲಿಯ ಮೇಲಿನ ಅಂಕಿ ನೋಡದೆ ‘ಒಂದು ಮುಚ್ಚಳ’ ಎಂದು ಕೊಡಬೇಡಿ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ನಿಮೆಸುಲೈಡ್ ಎಂಬ ನೋವಿನ ಔಷಧವನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ.

ಗರ್ಭಿಣಿಯರು ‘ಹೆರಿಗೆ ಆಗಲಿ’ ಎಂದು ಸೋಂಕನ್ನು ಮುಂದೂಡಬಾರದು. ಸ್ಥಳೀಯವಾಗಿ ಮರಗಟ್ಟಿಸಿ ಮಾಡುವ ಚಿಕಿತ್ಸೆ, ಅಗತ್ಯವಿದ್ದರೆ ರಕ್ಷಾಕವಚ ಹೊದಿಸಿ ತೆಗೆಯುವ ಹಲ್ಲಿನ ಎಕ್ಸ್-ರೇ ಎರಡೂ ಆಗ ನಡೆಯುತ್ತವೆ. ಎಷ್ಟನೆಯ ತಿಂಗಳು ಎಂದು ಮೊದಲೇ ತಿಳಿಸಿದರೆ ಸಾಕು.

ಸಕ್ಕರೆ ಕಾಯಿಲೆ ಇರುವವರಲ್ಲಿ ಕೀವು ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಏರಿದ ಸಕ್ಕರೆ ಕೀವನ್ನು ಹೆಚ್ಚಿಸುತ್ತದೆ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಪದೇ ಪದೇ ಪರೀಕ್ಷಿಸಿ. ಬಾಯಿ ನೋವೆಂದು ಉಪವಾಸವಿದ್ದು ಇನ್ಸುಲಿನ್ ಮಾತ್ರ ಹಾಕಿಕೊಂಡರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಇವರೂ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರೂ, ಹೃದಯದ ಕವಾಟ ಬದಲಾಯಿಸಿಕೊಂಡವರೂ ಸೋಮವಾರಕ್ಕೆ ಕಾಯದೆ ಅಂದೇ ವೈದ್ಯರೊಬ್ಬರಿಗೆ ಕರೆ ಮಾಡುವುದು ಒಳ್ಳೆಯದು.

ಕೊನೆಯ ಹೆಜ್ಜೆ: ವೈದ್ಯರ ಬಳಿ

ಖರ್ಚಿಗೆ ಹೆದರಿ ಹಿಂದೆ ಸರಿಯುವವರೇ ಹೆಚ್ಚು. ಬೆಂಗಳೂರಿನ ಕೋಟೆ ಪ್ರದೇಶದಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಮೈಸೂರು, ಮಂಗಳೂರು, ಮಣಿಪಾಲ, ದಾವಣಗೆರೆ, ಧಾರವಾಡ, ಬೆಳಗಾವಿ, ಕಲಬುರಗಿಗಳಲ್ಲಿ ದಂತ ಕಾಲೇಜುಗಳಿವೆ. ಕಾಲೇಜುಗಳ ಹೊರರೋಗಿ ವಿಭಾಗದಲ್ಲಿ ಖರ್ಚು ಸಾಮಾನ್ಯವಾಗಿ ಖಾಸಗಿ ಚಿಕಿತ್ಸಾಲಯಕ್ಕಿಂತ ಕಡಿಮೆ, ಹೊತ್ತು ಮಾತ್ರ ಹೆಚ್ಚು ಹಿಡಿಯುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ದಂತವೈದ್ಯರು ಇದ್ದಾರೆಯೇ ಎಂದು ಮೊದಲು ವಿಚಾರಿಸಿ, ಬಹಳ ಜನರಿಗೆ ಇದು ಹೊಳೆಯುವುದೇ ಇಲ್ಲ.

ಹೋಗುವಾಗ ನೋವು ಶುರುವಾದ ದಿನ, ನುಂಗಿದ ಮಾತ್ರೆಗಳ ಚೀಟಿ, ಊತದ ಚಿತ್ರಗಳು, ದಿನನಿತ್ಯದ ಔಷಧಗಳ ಪಟ್ಟಿ ಕೈಯಲ್ಲಿರಲಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮೂಳೆ ಸವೆತಕ್ಕೆ ಚುಚ್ಚುಮದ್ದು ಅಥವಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಖಂಡಿತ ಹೇಳಿ, ಏಕೆಂದರೆ ಹಲ್ಲು ಕಿತ್ತ ಜಾಗದ ಮೂಳೆ ಮಾಯದೆ ಉಳಿಯುವ ಸಾಧ್ಯತೆ ಅಂಥವರಲ್ಲಿದೆ.

‘ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂದವಾಗುತ್ತದೆ’ ಎಂಬ ಹೆದರಿಕೆ ನಮ್ಮ ಹಳ್ಳಿಗಳಲ್ಲೂ ಪಟ್ಟಣಗಳಲ್ಲೂ ಆಳವಾಗಿ ಬೇರೂರಿದೆ. ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ. ಕೀಳಿಸುವುದರಿಂದ ದೃಷ್ಟಿಗೆ ಏನೂ ಆಗುವುದಿಲ್ಲ. ಮೇಲಿನ ಕೋರೆಹಲ್ಲಿನ ಕೀವನ್ನು ಹಾಗೆಯೇ ಬಿಟ್ಟರೆ ಅದು ಕಣ್ಣಿನ ಗೂಡಿನತ್ತ, ಅಪರೂಪಕ್ಕೆ ಮಿದುಳಿನ ಬುಡದ ರಕ್ತನಾಳಗಳವರೆಗೂ ಏರಬಲ್ಲದು. ಕಣ್ಣಿನ ಮೇಲೆ ಕಾಳಜಿ ಇರುವವರು ಚಿಕಿತ್ಸೆಯನ್ನು ಬೇಗ ಮಾಡಿಸಿಕೊಳ್ಳಬೇಕು. ಊತವಿದ್ದಾಗ ಹಲ್ಲು ಮುಟ್ಟಲೇಬಾರದು ಎಂಬ ಮಾತೂ ಸರಿಯಲ್ಲ. ಕೀವಿರುವ ಜಾಗದ ಆಮ್ಲತೆಯಿಂದ ಮರಗಟ್ಟಿಸುವ ಚುಚ್ಚುಮದ್ದು ಅಲ್ಲಿ ಸರಿಯಾಗಿ ಹಿಡಿಯದಿರಬಹುದು. ಅದಕ್ಕಾಗಿ ವೈದ್ಯರು ದೂರದ ನರದ ಬುಡಕ್ಕೆ ಚುಚ್ಚುತ್ತಾರೆ, ಇಲ್ಲವೇ ಮೊದಲು ಕೀವು ಹೊರಹಾಕಿ ಉಳಿದ ಕೆಲಸವನ್ನು ಮುಂದಿನ ಭೇಟಿಗೆ ಇಟ್ಟುಕೊಳ್ಳುತ್ತಾರೆ. ಆ ತೀರ್ಮಾನ ಅವರದಾಗಲಿ.

ಹಲ್ಲನ್ನು ಕೊರೆದು ಕೀವಿಗೆ ದಾರಿ ಮಾಡಿದ ದಿನವೇ ನೋವು ಬಹಳ ಇಳಿಯುತ್ತದೆ. ಅಂದು ಹಾಕುವುದು ತಾತ್ಕಾಲಿಕ ತುಂಬುವಿಕೆ. ಕೆಲವು ವಾರಗಳಲ್ಲಿ ಅದು ಸವೆದು ಜೊಲ್ಲು ಒಳಗೆ ಸೇರತೊಡಗಿದರೆ ಬೇರಿನ ನಾಳಗಳಲ್ಲಿ ಮತ್ತೆ ಬ್ಯಾಕ್ಟೀರಿಯಾ ತುಂಬುತ್ತದೆ. ಆದ್ದರಿಂದ ಕುರ್ಚಿಯಿಂದ ಇಳಿಯುವ ಮೊದಲೇ ರೂಟ್ ಕೆನಾಲ್, ಅಂದರೆ ಬೇರಿನ ನಾಳಗಳನ್ನು ಸ್ವಚ್ಛ ಮಾಡಿ ತುಂಬುವ ಚಿಕಿತ್ಸೆಯನ್ನು ಮುಗಿಸುವ ಮುಂದಿನ ದಿನಾಂಕವನ್ನು ಬರೆಸಿಕೊಳ್ಳಿ, ಹಲ್ಲಿನ ಮೇಲೆ ಕವಚ (ಕ್ಯಾಪ್) ಬೇಕೇ, ಅದಕ್ಕೆ ಎಷ್ಟಾಗುತ್ತದೆ ಎಂದೂ ಆಗಲೇ ಕೇಳಿ. ಅಷ್ಟು ಹಣ ಹೊಂದುವುದಿಲ್ಲವಾದರೆ ಹಾಗೆಂದು ನೇರವಾಗಿ ಹೇಳಿ ಕೀಳಿಸಿಕೊಳ್ಳಿ. ಅರ್ಧಕ್ಕೆ ಬಿಟ್ಟ ಹಲ್ಲಿಗಿಂತ ಕಿತ್ತ ಹಲ್ಲೇ ಮೇಲು.